ಜೂನಿಯರ್ ಐಸ್ ಹಾಕಿಯಿಂದ ಕಾಲೇಜು ತಂಡಕ್ಕೆ ಬರುವ ಹುಡುಗರು: ಅಂಕಪಟ್ಟಿ ನೋಡಬೇಕೋ, ಆಟ ನೋಡಬೇಕೋ?

ಡುಲುತ್ ವಾಸಿ

ಮುಂದಿನ ಸಾಲಿಗೆ ಅಮೆರಿಕದ ಕಾಲೇಜು ತಂಡ ಸೇರಲಿರುವ ಹುಡುಗರ ಹೆಸರುಗಳು ಹೊರಬಿದ್ದ ಕೂಡಲೇ ಅಭಿಮಾನಿಗಳ ನಡುವೆ ಒಂದೇ ಮಾತು ಶುರುವಾಗುತ್ತದೆ. ‘ಇವನು ಜೂನಿಯರ್ ಲೀಗ್‌ನಲ್ಲಿ ಪಂದ್ಯಕ್ಕೊಂದು ಅಂಕ ಗಳಿಸಿದ್ದಾನೆ, ಒಳ್ಳೆಯವನು. ಅವನು ಅದರ ಅರ್ಧವನ್ನೂ ಮುಟ್ಟಿಲ್ಲ, ಜಾಗ ತುಂಬಿಸಲು ತಂದಿದ್ದಾರೆ.’ (ಇಲ್ಲಿ ಗೋಲಿಗೂ, ಗೋಲಿಗೆ ನೆರವಾಗುವ ಅಸಿಸ್ಟ್‌ಗೂ ಒಂದೊಂದು ಅಂಕ.) ಇದನ್ನು ಓದಿದಾಗ ನನಗೆ ಸಂಕಟವಾಗುತ್ತದೆ. ಹದಿನೆಂಟರ ಹುಡುಗನನ್ನು ಒಂದು ಸಾಲಿನ ಲೆಕ್ಕದಿಂದ ಅಳೆದು ಬದಿಗೆ ಸರಿಸುವುದು ಅವನಿಗೆ ಮಾಡುವ ಅನ್ಯಾಯ. ಆಟ ಬಲ್ಲವರು ಹಾಗೆ ಅಳೆಯುವುದೂ ಇಲ್ಲ.

ಕೇಲ್ ಮಕಾರ್ ವಿಷಯವನ್ನೇ ತೆಗೆದುಕೊಳ್ಳಿ. ಆಲ್ಬರ್ಟಾದ ಜೂನಿಯರ್ ಲೀಗ್‌ನಲ್ಲಿ ಬ್ರೂಕ್ಸ್ ಬ್ಯಾಂಡಿಟ್ಸ್ ತಂಡಕ್ಕೆ 2016-17ರಲ್ಲಿ 54 ಪಂದ್ಯಗಳಲ್ಲಿ 75 ಅಂಕ; ರಕ್ಷಣಾ ಆಟಗಾರನೊಬ್ಬನಿಗೆ ಇದು ಅಪರೂಪ. 2017ರ ಡ್ರಾಫ್ಟ್‌ನಲ್ಲಿ, ಎಂದರೆ ವೃತ್ತಿಪರ ಲೀಗ್ ಎನ್‌ಎಚ್‌ಎಲ್‌ನ ತಂಡಗಳು ಎಳೆಯ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವಾಗ, ಕೊಲರಾಡೊ ಅವನನ್ನು 4ನೇ ಆಯ್ಕೆಯಾಗಿ ತೆಗೆದುಕೊಂಡಿತು. ಅದೇ ವರ್ಷ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯಕ್ಕೆ ಬಂದ. ಮೊದಲ ವರ್ಷ 34 ಪಂದ್ಯಗಳಲ್ಲಿ 21 ಅಂಕ. ಆಗಲೇ ‘ಆ ಲೀಗ್ ದುರ್ಬಲವಾಗಿತ್ತು, ಅದಕ್ಕೇ ಅಷ್ಟು ಅಂಕ ಬಂತು’ ಎಂದು ತೀರ್ಮಾನಿಸಿದವರಿಗೆ ಮರುವರ್ಷವೇ ಉತ್ತರ ಸಿಕ್ಕಿತು: 41 ಪಂದ್ಯಗಳಲ್ಲಿ 49 ಅಂಕ, ಕಾಲೇಜು ಹಾಕಿಯ ಅತ್ಯುನ್ನತ ಗೌರವವಾದ ಹೋಬಿ ಬೇಕರ್ ಪ್ರಶಸ್ತಿ, ತಂಡಕ್ಕೆ ರಾಷ್ಟ್ರೀಯ ಫೈನಲ್. ಬಫಲೋದಲ್ಲಿ ನಡೆದ ಆ ಫೈನಲ್‌ನಲ್ಲಿ ನಮ್ಮ ಮಿನ್ನೆಸೋಟ-ಡುಲುತ್ ತಂಡ 3-0ಯಿಂದ ಗೆದ್ದಿತು ಎಂಬುದನ್ನು ಹೇಳದೆ ಇರಲಾರೆ. 2022ರಲ್ಲಿ ಕೊಲರಾಡೊ ಎನ್‌ಎಚ್‌ಎಲ್‌ನ ಸ್ಟ್ಯಾನ್ಲಿ ಕಪ್ ಗೆದ್ದಾಗ ಪ್ಲೇಆಫ್‌ನ ಅತ್ಯುತ್ತಮ ಆಟಗಾರನೂ ಅವನೇ.

75, 21, 49. ಮೂರೂ ಒಬ್ಬನವೇ. ಇವುಗಳಲ್ಲಿ ಯಾವುದೋ ಒಂದನ್ನು ಮಾತ್ರ ಹಿಡಿದುಕೊಂಡವನಿಗೆ ಹುಡುಗ ಅರ್ಥವಾಗುವುದಿಲ್ಲ. ಹಾಗಾದರೆ ತಂಡಕ್ಕೆ ಆಟಗಾರರನ್ನು ಹುಡುಕುವ ಸ್ಕೌಟ್‌ಗಳು ನೋಡುವುದು ಏನನ್ನು? ಈ ಆಟವನ್ನು ಹತ್ತಿರದಿಂದ ಬಲ್ಲ ಕನ್ನಡಿಗರು ಇಲ್ಲಿ ಹಲವರಿದ್ದೀರಿ. ದಯವಿಟ್ಟು ಬರೆಯಿರಿ.

ಮಡಿಕೇರಿಯ ಓದುಗ

ಕೊಡವ ಕುಟುಂಬಗಳ ಹಾಕಿ ಉತ್ಸವ ನೋಡುತ್ತ ಬೆಳೆದವನು ನಾನು. ಮಂಜಿನ ಮೇಲಿನ ಹಾಕಿಯನ್ನು ಈಚೆಗೆ ನೋಡತೊಡಗಿದ್ದೇನೆ. ಒಂದು ಮೂಲಭೂತ ಪ್ರಶ್ನೆ. ಅಮೆರಿಕದಲ್ಲಿ ಫುಟ್‌ಬಾಲ್, ಬ್ಯಾಸ್ಕೆಟ್‌ಬಾಲ್ ಆಡುವವರು ಶಾಲೆ ಮುಗಿಸಿ ನೇರವಾಗಿ ಕಾಲೇಜು ತಂಡ ಸೇರುತ್ತಾರೆ. ಇಲ್ಲಿ ಮಾತ್ರ ಕಾಲೇಜಿನ ಮೊದಲ ವರ್ಷದ ಹುಡುಗನಿಗೆ 20 ವರ್ಷ ಎಂದು ತೋರಿಸುತ್ತಾರಲ್ಲ, ಅದೇಕೆ?

ಡುಲುತ್ ವಾಸಿ

ಒಳ್ಳೆಯ ಪ್ರಶ್ನೆ ಸರ್. ಇದು ತಿಳಿಯದೆ ಮುಂದಿನದು ಯಾವುದೂ ಅರ್ಥವಾಗುವುದಿಲ್ಲ.

ಹಾಕಿಯಲ್ಲಿ ಶಾಲೆಗೂ ಕಾಲೇಜಿಗೂ ನಡುವೆ ಜೂನಿಯರ್ ಲೀಗ್ ಎಂಬ ಮೆಟ್ಟಿಲಿದೆ. 16ರಿಂದ 20 ವರ್ಷದವರು ಅಲ್ಲಿ ಆಡುತ್ತಾರೆ. ಅಮೆರಿಕದಲ್ಲಿ ಮೊದಲ ದರ್ಜೆಯದು ಯುಎಸ್‌ಎಚ್‌ಎಲ್, ಎರಡನೆಯದು ಎನ್‌ಎಎಚ್‌ಎಲ್. ಮೂರನೇ ದರ್ಜೆಯ ಲೀಗ್‌ಗಳಲ್ಲಿ ಆಡಲು ಕುಟುಂಬವೇ ಹಣ ಕಟ್ಟಬೇಕು. ಕೆನಡಾದಲ್ಲಿ ಬ್ರಿಟಿಷ್ ಕೊಲಂಬಿಯಾದ ಬಿಸಿಎಚ್‌ಎಲ್, ಆಲ್ಬರ್ಟಾದ ಎಜೆಎಚ್‌ಎಲ್ ಮೊದಲಾದವು ಕಾಲೇಜಿಗೆ ಹುಡುಗರನ್ನು ಕಳುಹಿಸುತ್ತ ಬಂದಿವೆ. ಶಾಲೆ ಮುಗಿದ ಮೇಲೆ ಒಂದೆರಡು ವರ್ಷ ಅಲ್ಲಿ ಆಡಿ, ಮೈಕೈ ಗಟ್ಟಿಮಾಡಿಕೊಂಡು, 19 ಅಥವಾ 20ಕ್ಕೆ ಕಾಲೇಜು ಸೇರುವುದು ಸಾಮಾನ್ಯ. ಮನೆಯಿಂದ ನೂರಾರು ಮೈಲಿ ದೂರದ ಊರಿನಲ್ಲಿ, ತಂಡವೇ ಗೊತ್ತುಮಾಡಿದ ಕುಟುಂಬವೊಂದರ ಮನೆಯಲ್ಲಿ ಹುಡುಗರು ಉಳಿದುಕೊಳ್ಳುತ್ತಾರೆ.

ಆದ್ದರಿಂದ ಕಾಲೇಜಿನ ಪಂದ್ಯವೊಂದರಲ್ಲಿ 18ರ ಹುಡುಗ 23, 24ರವನ ಎದುರು ಆಡಬೇಕಾಗುತ್ತದೆ. ಈ ವಯಸ್ಸಿನಲ್ಲಿ ಅಷ್ಟು ಅಂತರ ಬಹಳ ದೊಡ್ಡದು.

ಬಾಸ್ಟನ್ ಕನ್ನಡತಿ

ಡುಲುತ್‌ನವರೇ, ನಿಮ್ಮ ಕಳಕಳಿಯನ್ನು ಒಪ್ಪುತ್ತೇನೆ, ತೀರ್ಮಾನವನ್ನು ಒಪ್ಪುವುದಿಲ್ಲ. ಅಂಕಗಳನ್ನು ಓದುವ ಬಗೆ ಗೊತ್ತಿದ್ದರೆ ಅವು ಸುಳ್ಳು ಹೇಳುವುದಿಲ್ಲ.

ಇಬ್ಬರನ್ನು ನೋಡಿ. ಇಬ್ಬರೂ ಯುಎಸ್‌ಎಚ್‌ಎಲ್‌ನ ಚಿಕಾಗೊ ಸ್ಟೀಲ್ ತಂಡದಿಂದ ಬಂದವರು. ಆಡಮ್ ಫ್ಯಾಂಟಿಲಿ 2021-22ರಲ್ಲಿ ಅಲ್ಲಿ 54 ಪಂದ್ಯಗಳಲ್ಲಿ 74 ಅಂಕ ಗಳಿಸಿ, ಮರುವರ್ಷ ಮಿಷಿಗನ್ ಪರ 36 ಪಂದ್ಯಗಳಲ್ಲಿ 65 ಗಳಿಸಿದ. ಮ್ಯಾಕ್ಲಿನ್ ಸೆಲೆಬ್ರಿನಿ 2022-23ರಲ್ಲಿ 50 ಪಂದ್ಯಗಳಲ್ಲಿ 86. ಮರುವರ್ಷ ಬಾಸ್ಟನ್ ವಿಶ್ವವಿದ್ಯಾಲಯಕ್ಕೆ 38 ಪಂದ್ಯಗಳಲ್ಲಿ 64. ಇಬ್ಬರಿಗೂ ಮೊದಲ ವರ್ಷದಲ್ಲೇ ಹೋಬಿ ಬೇಕರ್ ಬಂತು. ಜೂನಿಯರ್‌ನಲ್ಲಿ ಕಂಡದ್ದೇ ಕಾಲೇಜಿನಲ್ಲೂ ಕಂಡಿತು. ಅಂಕ ನೋಡಿದವನು ಇಲ್ಲಿ ಮೋಸ ಹೋಗಲಿಲ್ಲ.

ಜಾನಿ ಗೊಡ್ರೊ ಅವರದು ಇನ್ನೂ ಒಳ್ಳೆಯ ಉದಾಹರಣೆ. ಮೈಕಟ್ಟು ಚಿಕ್ಕದು ಎಂಬ ಕಾರಣಕ್ಕೆ 2011ರ ಡ್ರಾಫ್ಟ್‌ನಲ್ಲಿ 104ನೇ ಆಯ್ಕೆಯವರೆಗೂ ಕಾಯಬೇಕಾಯಿತು. ಅದೇ ವರ್ಷ ಡುಬ್ಯೂಕ್ ತಂಡಕ್ಕೆ 60 ಪಂದ್ಯಗಳಲ್ಲಿ 72 ಅಂಕ ಗಳಿಸಿದ್ದರು. ‘ಕಣ್ಣಿನಿಂದ ನೋಡಿದವರು’ ಕಂಡದ್ದು ಎತ್ತರ, ತೂಕ. ಅಂಕಪಟ್ಟಿ ಹೇಳುತ್ತಿದ್ದದ್ದು ಪ್ರತಿಭೆ. ಬಾಸ್ಟನ್ ಕಾಲೇಜಿನ ಕೊನೆಯ ವರ್ಷ 40 ಪಂದ್ಯಗಳಲ್ಲಿ 80 ಅಂಕ ಗಳಿಸಿದರು. 2024ರ ಆಗಸ್ಟ್‌ನಲ್ಲಿ ಅವರನ್ನೂ ಅವರ ತಮ್ಮ ಮ್ಯಾಥ್ಯೂ ಅವರನ್ನೂ ರಸ್ತೆ ಅಪಘಾತದಲ್ಲಿ ಕಳೆದುಕೊಂಡೆವು. ಈ ಊರಿನಲ್ಲಿ ಆ ದುಃಖ ಇನ್ನೂ ಹಸಿಯಾಗಿದೆ. ‘ಚಿಕ್ಕವನು’ ಎಂದು ಯಾವ ಹುಡುಗನನ್ನಾದರೂ ಯಾರಾದರೂ ತಳ್ಳಿಹಾಕಿದರೆ ನನಗೆ ಅವರೇ ನೆನಪಾಗುತ್ತಾರೆ.

ಮಿಷಿಗನ್ ಕೋಚ್

ಇಬ್ಬರೂ ಸರಿ, ಆದರೆ ಇಬ್ಬರೂ ತುತ್ತತುದಿಯವರ ಮಾತನ್ನೇ ಆಡುತ್ತಿದ್ದೀರಿ. ಸೆಲೆಬ್ರಿನಿಯನ್ನು ಗುರುತಿಸಲು ಸ್ಕೌಟ್ ಬೇಕಾಗಿಲ್ಲ, ಟಿಕೆಟ್ ಕೊಂಡು ಬಂದ ಯಾರು ಬೇಕಾದರೂ ಗುರುತಿಸುತ್ತಾರೆ. ಸ್ಕೌಟ್‌ನ ನಿಜವಾದ ಕೆಲಸ ಇರುವುದು ತಂಡದ 9ನೇ ಫಾರ್ವರ್ಡ್, 5ನೇ ಡಿಫೆಂಡರ್ ಯಾರಾಗಬಲ್ಲ ಎಂದು ಕಂಡುಹಿಡಿಯುವುದರಲ್ಲಿ. ಫಾರ್ವರ್ಡ್‌ಗಳು ಮೂವರ ಸಾಲುಗಳಾಗಿ ಸರದಿಯಲ್ಲಿ ಕಣಕ್ಕಿಳಿಯುತ್ತಾರೆ. ಜೂನಿಯರ್‌ನಲ್ಲಿ ಮೊದಲ ಸಾಲಿನಲ್ಲಿ ಆಡುವ ಹುಡುಗ ಕಾಲೇಜಿನಲ್ಲಿ ನಾಲ್ಕನೇ ಸಾಲಿಗೆ ಬರುತ್ತಾನೆ. ಅಲ್ಲಿ ಅವನಿಗೆ ಸಿಗುವುದು ಬೇರೆಯದೇ ಕೆಲಸ.

ನಾನು ಡೆಟ್ರಾಯ್ಟ್ ಆಸುಪಾಸಿನಲ್ಲಿ 16ರೊಳಗಿನ ಹುಡುಗರ ತಂಡಕ್ಕೆ ಸಹಾಯಕ ತರಬೇತುದಾರ. ಕಾಲೇಜಿನಿಂದ ಬರುವ ಸ್ಕೌಟ್‌ಗಳ ಪಕ್ಕದಲ್ಲಿ ಕುಳಿತು ಪಂದ್ಯ ನೋಡುತ್ತೇನೆ, ಮಾತನಾಡುತ್ತೇನೆ. ಅವರ ಕಣ್ಣು ಎಲ್ಲಿರುತ್ತದೆ ಎಂದು ಹೇಳುತ್ತೇನೆ.

ಮೊದಲನೆಯದು, ಡಿಫೆಂಡರ್ ತನ್ನ ಹಿಂದಿನ ಮೂಲೆಗೆ ಹೋಗಿ ಪಕ್ (ಇಲ್ಲಿ ಚೆಂಡಿನ ಬದಲು ಬಳಸುವ ರಬ್ಬರ್ ಬಿಲ್ಲೆ) ಎತ್ತಿಕೊಳ್ಳುವ ಗಳಿಗೆ. ಎದುರಾಳಿ ಪಕ್ಕನ್ನು ಒಳಗೆ ಎಸೆದಿದ್ದಾನೆ, ಇವನು ಬೆನ್ನು ತಿರುಗಿಸಿ ಓಡುತ್ತಿದ್ದಾನೆ. ಪಕ್ ಮುಟ್ಟುವ ಮುನ್ನ ಹೆಗಲ ಮೇಲಿಂದ ಹಿಂದೆ ನೋಡಿದನೇ? ಒಮ್ಮೆಯೋ, ಎರಡು ಸಲವೋ? ನೋಡಿದವನಿಗೆ ಎಡಕ್ಕೆ ಹೊರಳಬೇಕೋ ಬಲಕ್ಕೋ ಎಂಬುದು ಮೊದಲೇ ಗೊತ್ತಿರುತ್ತದೆ. ನೋಡದವನು ಪಕ್ ಸಿಕ್ಕಿದ ಮೇಲೆ ಯೋಚಿಸುತ್ತಾನೆ. ಜೂನಿಯರ್‌ನಲ್ಲಿ ಅದಕ್ಕೆ ಸಮಯ ಸಿಗುತ್ತದೆ. ಕಾಲೇಜಿನಲ್ಲಿ ಅಷ್ಟರೊಳಗೆ 23ರ ಗಂಡಾಳು ಅವನನ್ನು ಬೋರ್ಡಿಗೆ (ಕಣದ ಸುತ್ತಲಿನ ಗೋಡೆಗೆ) ಒತ್ತಿ ಹಿಡಿದಿರುತ್ತಾನೆ.

ವಿಂಗರ್ ಆದರೆ ಬೋರ್ಡಿನ ಪಕ್ಕದ ಆಟ. ಸ್ವಂತ ವಲಯದಲ್ಲಿ ಬೋರ್ಡ್ ಸುತ್ತಿ ಬರುವ ಪಕ್ಕನ್ನು, ಎದುರಾಳಿ ಮೈಮೇಲೆ ಬೀಳುತ್ತಿರುವಾಗಲೇ ತಡೆದು, ಆ ವಲಯದ ಅಂಚಿನ ನೀಲಿ ಗೆರೆ ದಾಟಿಸಬಲ್ಲನೇ? ಇದಕ್ಕೆ ಅಂಕವಿಲ್ಲ, ಚಪ್ಪಾಳೆಯೂ ಇಲ್ಲ. ಆದರೆ ಜೂನಿಯರ್‌ನಲ್ಲಿ ರಾಶಿ ಗೋಲು ಹೊಡೆದ ಹುಡುಗರು ಕಾಲೇಜಿನ ಮೊದಲ ವರ್ಷ ಬೆಂಚಿನಲ್ಲಿ ಕೂರುವುದು ಬಹುತೇಕ ಈ ಒಂದು ಕೊರತೆಯಿಂದಲೇ. ಹತ್ತಡಿ ಹೊರಗೆ ಪಕ್ ದಾಟಿಸಲಾರದವನನ್ನು ಯಾವ ಕೋಚ್ ಕೂಡ ಒಂದು ಗೋಲಿನ ಮುನ್ನಡೆ ಇರುವಾಗ ಕಣಕ್ಕೆ ಕಳುಹಿಸುವುದಿಲ್ಲ.

ಸ್ಕೇಟಿಂಗ್ ಬಗ್ಗೆ ಎಲ್ಲರೂ ಮಾತನಾಡುತ್ತಾರೆ, ಆದರೆ ನೇರ ಓಟದ ವೇಗವನ್ನಷ್ಟೇ ನೋಡುತ್ತಾರೆ. ಸ್ಕೌಟ್ ನೋಡುವುದು ನಿಂತಲ್ಲಿಂದ ಮೊದಲ ಮೂರು ಹೆಜ್ಜೆ, ಮತ್ತು ಬ್ಲೇಡಿನ ಅಂಚಿನ ಮೇಲೆ ತಿರುಗುವ ಬಗೆ. ಕಾಲಿನ ಬಲ ವ್ಯಾಯಾಮಶಾಲೆಯಲ್ಲಿ ಬರುತ್ತದೆ. ಕಾಲೇಜುಗಳು ಹೆಚ್ಚಾಗಿ ಶುಕ್ರವಾರ, ಶನಿವಾರ ಮಾತ್ರ ಪಂದ್ಯ ಆಡುವುದರಿಂದ ವಾರವಿಡೀ ಅದಕ್ಕೆ ಸಮಯವಿರುತ್ತದೆ. ಸೊಂಟ, ಮಂಡಿ, ಪಾದದ ಹೊಂದಾಣಿಕೆಯನ್ನು 19ರಲ್ಲಿ ಹೊಸದಾಗಿ ಕಲಿಸುವುದು ಬಹಳ ಕಷ್ಟ.

ಕೊನೆಯದಾಗಿ, ಪಕ್ ಕಳೆದುಕೊಂಡ ಮರುಕ್ಷಣ. ಬ್ಲೇಡ್ ಊರಿ ಗಕ್ಕನೆ ನಿಂತು ಹಿಂದಕ್ಕೆ ತಿರುಗುತ್ತಾನೋ, ಇಲ್ಲ ದೊಡ್ಡ ಸುತ್ತು ಹಾಕಿಕೊಂಡು ಬರುತ್ತಾನೋ? ನಿಂತು ತಿರುಗುವುದರಲ್ಲಿ ನೋವಿದೆ, ದಣಿವಿದೆ. ಸುತ್ತು ಹಾಕುವವನು ನೋಡುವವರಿಗೆ ವೇಗವಾಗಿ ಹೋಗುತ್ತಿರುವಂತೆ ಕಾಣುತ್ತಾನೆ, ಆದರೆ ಆಟದಿಂದ ಹೊರಗಿರುತ್ತಾನೆ. ಇದನ್ನು ಒಂದೇ ಪಂದ್ಯದಲ್ಲಿ ನೋಡಿ ನಿರ್ಧರಿಸುವುದಿಲ್ಲ. ತಂಡ 5-1ರಿಂದ ಸೋಲುತ್ತಿರುವ ರಾತ್ರಿ, ಮೂರನೇ ಅವಧಿಯಲ್ಲಿ, ಅದೇ ಹುಡುಗ ಹಾಗೆಯೇ ನಿಂತು ತಿರುಗುತ್ತಾನೋ ಎಂದು ನೋಡಲು ಮತ್ತೆ ಬರುತ್ತಾರೆ.

ಬಾಸ್ಟನ್ ಕನ್ನಡತಿ

ಇಷ್ಟು ವಿವರವಾಗಿ ಬರೆದುದಕ್ಕೆ ಧನ್ಯವಾದ ಸರ್. ಆದರೂ ಅಂಕಗಳ ಬಗ್ಗೆ ನಿಮ್ಮ ಅಭಿಪ್ರಾಯ ಪೂರ್ತಿ ಬರಲಿಲ್ಲ.

ಮಿಷಿಗನ್ ಕೋಚ್

ಅಂಕವನ್ನು ಬಿಡಿಸಿ ನೋಡಬೇಕಮ್ಮಾ. ಹಾಕಿಯಲ್ಲಿ ಒಂದು ಗೋಲಿಗೆ ಇಬ್ಬರವರೆಗೆ ಅಸಿಸ್ಟ್ ಕೊಡುತ್ತಾರೆ. ಗೋಲು ಹೊಡೆದವನಿಗೆ ನೇರವಾಗಿ ಪಕ್ ಕೊಟ್ಟವನದು ಮೊದಲನೆಯದು, ಅವನಿಗೆ ಕೊಟ್ಟವನದು ಎರಡನೆಯದು. ಎರಡನೆಯದರಲ್ಲಿ ಅದೃಷ್ಟದ ಪಾಲು ಹೆಚ್ಚು. ಆಮೇಲೆ ಪವರ್ ಪ್ಲೇ. ಕ್ರಿಕೆಟ್ ನೋಡುವವರಿಗಾಗಿ ಹೇಳುತ್ತೇನೆ: ಇಲ್ಲಿ ಪವರ್ ಪ್ಲೇ ಎಂದರೆ ಎದುರಾಳಿಯೊಬ್ಬ ದಂಡನೆಗೆ ಒಳಗಾಗಿ ಸಾಮಾನ್ಯವಾಗಿ ಎರಡು ನಿಮಿಷ ಹೊರಗೆ ಕುಳಿತಾಗ ಐವರು ನಾಲ್ವರ ಎದುರು ಆಡುವುದು. ಒಬ್ಬ ಹುಡುಗನ 50 ಅಂಕಗಳಲ್ಲಿ 28 ಅಲ್ಲಿಂದಲೇ ಬಂದಿದ್ದರೆ ಒಂದು ಪ್ರಶ್ನೆ ಏಳುತ್ತದೆ. ಕಾಲೇಜಿನಲ್ಲಿ ಮೊದಲ ವರ್ಷ ಅವನಿಗೆ ಪವರ್ ಪ್ಲೇಯಲ್ಲಿ ಜಾಗವೇ ಸಿಗದಿದ್ದರೆ ಅವನು ಯಾವುದರಿಂದ ತಂಡಕ್ಕೆ ಉಪಯೋಗವಾಗುತ್ತಾನೆ? ಐವರ ಎದುರು ಐವರು ಆಡುವಾಗ ಬಂದ ಗೋಲು ಮತ್ತು ಮೊದಲ ಅಸಿಸ್ಟ್ ಎಷ್ಟು, ಹುಡುಗನಿಗೆ ಆಗ ಎಷ್ಟು ವಯಸ್ಸು, ಯಾವ ಲೀಗ್: ಈ ಮೂರನ್ನು ಸೇರಿಸಿ ಓದಿದರೆ ಅಂಕಪಟ್ಟಿ ನಿಜಕ್ಕೂ ಒಳ್ಳೆಯ ದಾಖಲೆ. 17ರವನ 40 ಅಂಕ 20ರವನ 60ಕ್ಕಿಂತ ದೊಡ್ಡದು ಎಂದು ನಾನು ಕಣ್ಣುಮುಚ್ಚಿ ಹೇಳುತ್ತೇನೆ.

ಗೋಲ್‌ಕೀಪರ್ ತಾಯಿ

ಎಲ್ಲರೂ ಅಂಕದ ಬಗ್ಗೆ ಬರೆಯುತ್ತಿದ್ದೀರಿ. ಅಂಕವೇ ಇಲ್ಲದ ಒಬ್ಬನಿದ್ದಾನಲ್ಲ, ಗೋಲ್‌ಕೀಪರ್?

ಕಾನರ್ ಹೆಲ್ಲೆಬಕ್ ಶಾಲಾ ಹಾಕಿ ಆಡಿದವನು, ಮಿಷಿಗನ್‌ನವನು. ಮೊದಲ ದರ್ಜೆಯ ಜೂನಿಯರ್ ಲೀಗ್‌ಗೆ ಹೋಗಲಿಲ್ಲ. 2011-12ರಲ್ಲಿ ಎನ್‌ಎಎಚ್‌ಎಲ್‌ನ ಒಡೆಸ್ಸಾ ತಂಡಕ್ಕೆ ಆಡಿದ. ಒಡೆಸ್ಸಾ ಇರುವುದು ಪಶ್ಚಿಮ ಟೆಕ್ಸಾಸಿನ ಎಣ್ಣೆಬಾವಿಗಳ ನಾಡಿನಲ್ಲಿ, ಹಾಕಿಯ ಹೆಸರಾಂತ ಊರುಗಳಿಂದ ಬಹಳ ದೂರದಲ್ಲಿ. ಮ್ಯಾಸಚೂಸೆಟ್ಸ್-ಲೋವೆಲ್ ವಿಶ್ವವಿದ್ಯಾಲಯ ಅವನನ್ನು ಕರೆತಂದಿತು. ಮೊದಲ ವರ್ಷವೇ ಎದುರಿಸಿದ ಹೊಡೆತಗಳಲ್ಲಿ ನೂರಕ್ಕೆ 95ನ್ನು ತಡೆದ. ಲೋವೆಲ್ 2013ರಲ್ಲಿ ಮೊದಲ ಬಾರಿಗೆ ಅಗ್ರ ವಿಭಾಗದ ಕೊನೆಯ ನಾಲ್ಕು ತಂಡಗಳಲ್ಲಿ ಒಂದಾಯಿತು. 2012ರ ಡ್ರಾಫ್ಟ್‌ನಲ್ಲಿ 130ನೇ ಆಯ್ಕೆಯಾದವನು ಮುಂದೆ 2020, 2024, 2025ರಲ್ಲಿ ಎನ್‌ಎಚ್‌ಎಲ್‌ನ ಶ್ರೇಷ್ಠ ಗೋಲ್‌ಕೀಪರ್ ಆದ. 2025ರಲ್ಲಂತೂ ಇಡೀ ಲೀಗ್‌ನ ಅತ್ಯಮೂಲ್ಯ ಆಟಗಾರ.

ಸ್ಕೌಟ್‌ಗಳು ಮಿನ್ನೆಸೋಟ, ಮಿಷಿಗನ್, ಮ್ಯಾಸಚೂಸೆಟ್ಸ್ ಬಿಟ್ಟು ಹೊರಗೆ ಹೋಗುವುದು ಯಾಕೆ ಮುಖ್ಯ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಗೋಲ್‌ಕೀಪರ್‌ಗಳು ತಡವಾಗಿ ಪಕ್ವವಾಗುತ್ತಾರೆ. ತಂಡದಲ್ಲಿ ಇರುವುದು ಸಾಮಾನ್ಯವಾಗಿ ಮೂವರು, ಆಡುವುದು ಒಬ್ಬ. ಫಾರ್ವರ್ಡ್‌ಗೆ ಮೂರನೇ ಸಾಲು, ನಾಲ್ಕನೇ ಸಾಲು ಇರುತ್ತದೆ. ಗೋಲ್‌ಕೀಪರ್‌ಗೆ ಕಣ ಅಥವಾ ಬೆಂಚು, ಎರಡೇ. ನನ್ನ ಮಗಳು ಹುಡುಗಿಯರ ತಂಡದಲ್ಲಿ ಇದೇ ಜಾಗದಲ್ಲಿ ನಿಲ್ಲುತ್ತಾಳೆ, ಆದ್ದರಿಂದ ಈ ಕಾಯುವಿಕೆ ಎಂಥದ್ದು ಎಂದು ಬಲ್ಲೆ. ಗೋಲ್‌ಕೀಪರ್‌ಗಳ ತರಬೇತುದಾರರೊಬ್ಬರು ಅವಳಲ್ಲಿ ನೋಡುವುದು ತಡೆದ ಹೊಡೆತಗಳನ್ನಲ್ಲ. ತಡೆದ ಪಕ್ ಎಲ್ಲಿಗೆ ಹೋಯಿತು ಎಂಬುದನ್ನು. ಮೂಲೆಗೆ ಹೋಯಿತೋ, ಎದುರಾಳಿಯ ಸ್ಟಿಕ್‌ಗೇ ಮರಳಿತೋ? ಎದುರಿಗೆ ನಾಲ್ಕು ಜನ ಅಡ್ಡ ನಿಂತಿರುವಾಗ ತಲೆ ಆಚೆ ಈಚೆ ಬಾಗಿಸಿ ಪಕ್ಕನ್ನು ಹುಡುಕುತ್ತಾಳೋ, ಇಲ್ಲ ಸುಮ್ಮನೆ ಮಂಡಿಯೂರುತ್ತಾಳೋ? ಅಗ್ಗದ ಗೋಲೊಂದು ಬಿಟ್ಟ ಮೇಲೆ ಮುಂದಿನ ಹೊಡೆತಕ್ಕೆ ಹೇಗೆ ಸಿದ್ಧಳಾಗುತ್ತಾಳೆ?

ಮಡಿಕೇರಿಯ ಓದುಗ

ಇದು ನಮ್ಮ ಹಾಕಿಗೂ ಅನ್ವಯಿಸುತ್ತದೆ ಅಕ್ಕಾ. ಬರೆದಿಟ್ಟುಕೊಂಡೆ.

ಡುಲುತ್ ವಾಸಿ

ಇನ್ನೊಂದು ಮಾತು ಸೇರಿಸುತ್ತೇನೆ. ಪ್ರತಿಭೆಯನ್ನು ಗುಡ್ಡೆ ಹಾಕಿದರೆ ಪ್ರಶಸ್ತಿ ಬರುತ್ತದೆಯೇ? 2022ರಲ್ಲಿ ಮಿಷಿಗನ್ ತಂಡದಲ್ಲಿ ಹಿಂದಿನ ವರ್ಷದ ಡ್ರಾಫ್ಟ್‌ನ ಮೊದಲ ಐದು ಆಯ್ಕೆಗಳಲ್ಲಿ ನಾಲ್ವರಿದ್ದರು. ಸೆಮಿಫೈನಲ್‌ನಲ್ಲಿ ಡೆನ್ವರ್ ಎದುರು ಸೋತಿತು. 2023ರ ಫೈನಲ್‌ನಲ್ಲಿ ಮಿನ್ನೆಸೋಟ ತಂಡದಲ್ಲಿ ಲೋಗನ್ ಕೂಲಿ, ಮ್ಯಾಥ್ಯೂ ನೈಸ್‌ರಂಥವರಿದ್ದರು. ಅನುಭವಿಗಳ ಕ್ವಿನಿಪಿಯಾಕ್ 0-2ರಿಂದ ಹಿಂದಿದ್ದು ಸಮ ಮಾಡಿಕೊಂಡು, ಹೆಚ್ಚುವರಿ ಅವಧಿಯ 10ನೇ ಸೆಕೆಂಡಿನಲ್ಲಿ ಗೆದ್ದಿತು. ಆ ಗೋಲು ಹೊಡೆದ ಜೇಕಬ್ ಕ್ವಿಲನ್ ಯಾವ ಡ್ರಾಫ್ಟ್‌ನಲ್ಲೂ ಆಯ್ಕೆಯಾದವನಲ್ಲ. 2024ರಲ್ಲಿ ಡೆನ್ವರ್ ಸೆಮಿಫೈನಲ್‌ನಲ್ಲಿ ಸೆಲೆಬ್ರಿನಿಯ ಬಾಸ್ಟನ್ ವಿಶ್ವವಿದ್ಯಾಲಯವನ್ನು, ಫೈನಲ್‌ನಲ್ಲಿ ಮೊದಲ ಸುತ್ತಿನ ಆಯ್ಕೆಗಳಿಂದ ತುಂಬಿದ್ದ ಬಾಸ್ಟನ್ ಕಾಲೇಜನ್ನು 2-0ಯಿಂದ ಸೋಲಿಸಿತು. ಅಲ್ಲಿ ಗೋಲು ಕಾಯ್ದ ಮ್ಯಾಟ್ ಡೇವಿಸ್ ಕೂಡ ಡ್ರಾಫ್ಟ್ ಆದವನಲ್ಲ.

ಬಾಸ್ಟನ್ ಕನ್ನಡತಿ

ಒಂದೇ ಸಾಲಿನಲ್ಲಿ ನಮ್ಮ ಊರಿನ ಎರಡು ನೋವುಗಳನ್ನು ನೆನಪಿಸಿದಿರಿ. ಆದರೆ ನ್ಯಾಯವಾಗಿ ನೋಡಿ. ಅವರೆಲ್ಲ ಸೆಮಿಫೈನಲ್, ಫೈನಲ್‌ವರೆಗೆ ಬಂದದ್ದು ಆ ಪ್ರತಿಭೆಯಿಂದಲೇ. ಕಾಲೇಜಿನ ರಾಷ್ಟ್ರೀಯ ಪಂದ್ಯಾವಳಿಯಲ್ಲಿ ಒಂದು ಸೋಲಾದರೆ ಮನೆಗೆ. ಏಳು ಪಂದ್ಯಗಳ ಸರಣಿ ಇಲ್ಲ. ಒಂದು ರಾತ್ರಿಯ ಗೋಲ್‌ಕೀಪಿಂಗ್‌ನಿಂದ ಒಂದು ತಂಡದ ಆಯ್ಕೆ ಕ್ರಮವೇ ತಪ್ಪು ಎನ್ನಲಾಗದು. ಡೆನ್ವರ್‌ನಲ್ಲೂ ಜೀವ್ ಬುಯಿಯಂರಂಥ 18ರ ಪ್ರತಿಭೆ ಇತ್ತು. ಅವರು ಎರಡನ್ನೂ ಬೆರೆಸಿದ್ದರು, ಅದೇ ಅವರ ಜಾಣತನ.

ಮಿಷಿಗನ್ ಕೋಚ್

ಈ ಮಾತಿಗೆ ನನ್ನ ಒಪ್ಪಿಗೆ ಇದೆ. ಜೊತೆಗೆ ಸ್ಕೌಟ್ ತಂಡದ ಖಾಲಿ ಜಾಗಗಳನ್ನೂ ತಲೆಯಲ್ಲಿಟ್ಟುಕೊಂಡೇ ಬಂದಿರುತ್ತಾನೆ. ಮುಂದಿನ ವರ್ಷ ಯಾರು ಪದವಿ ಮುಗಿಸುತ್ತಾರೆ, ಯಾರು ಎನ್‌ಎಚ್‌ಎಲ್ ಕರೆಗೆ ಓಗೊಟ್ಟು ಮೊದಲೇ ಹೊರಡಬಹುದು, ಬಲಗೈ ಡಿಫೆಂಡರ್ ಎಷ್ಟು ಜನ ಉಳಿಯುತ್ತಾರೆ. ಬಲಗೈಯವರು ಯಾವಾಗಲೂ ಕಡಿಮೆ. ಆದ್ದರಿಂದ ಎಡಗೈಯ ಒಳ್ಳೆಯ ಹುಡುಗನನ್ನು ಬಿಟ್ಟು ಸಾಧಾರಣ ಬಲಗೈಯವನನ್ನು ಕರೆದರೆ ಅಭಿಮಾನಿಗಳು ಸಿಟ್ಟಾಗುತ್ತಾರೆ, ಆದರೆ ಕೋಚ್‌ಗೆ ಬೇರೆ ದಾರಿ ಇರುವುದಿಲ್ಲ.

ಕ್ಯಾಲ್ಗರಿಯಿಂದ

ನೀವೆಲ್ಲ ಹಳೆಯ ನಕ್ಷೆ ಹಿಡಿದು ಮಾತನಾಡುತ್ತಿದ್ದೀರಿ. 2024ರ ನವೆಂಬರ್‌ನಲ್ಲಿ ಎಲ್ಲವೂ ಬದಲಾಯಿತು.

ಕೆನಡಾದ ಅತಿ ದೊಡ್ಡ ಜೂನಿಯರ್ ವ್ಯವಸ್ಥೆ ಸಿಎಚ್‌ಎಲ್. ಅದರಡಿ ಪಶ್ಚಿಮದ, ಒಂಟಾರಿಯೊದ ಮತ್ತು ಕ್ವಿಬೆಕ್ ಕಡೆಯ ಮೂರು ಲೀಗ್‌ಗಳು, ಸುಮಾರು 60 ತಂಡಗಳು. ಅಲ್ಲಿ ಆಡುವವರಿಗೆ ಸಣ್ಣ ಭತ್ಯೆ ಸಿಗುತ್ತದೆ, ಕೆಲವರು ಎನ್‌ಎಚ್‌ಎಲ್ ಒಪ್ಪಂದಕ್ಕೆ ಸಹಿ ಮಾಡಿರುತ್ತಾರೆ ಎಂಬ ಕಾರಣಕ್ಕೆ, ಅಮೆರಿಕದ ಕಾಲೇಜು ಕ್ರೀಡೆಗಳನ್ನು ನಡೆಸುವ ಸಂಸ್ಥೆ ಎನ್‌ಸಿಎಎ ಆ ಲೀಗ್‌ಗಳನ್ನು ವೃತ್ತಿಪರ ಎಂದು ಪರಿಗಣಿಸಿ, ಅಲ್ಲಿ ಆಡಿದ ಹುಡುಗರಿಗೆ ಕಾಲೇಜು ಹಾಕಿಯ ಬಾಗಿಲು ಮುಚ್ಚಿತ್ತು. 15, 16ರ ವಯಸ್ಸಿಗೇ ಹುಡುಗ ಯಾವ ದಾರಿ ಎಂದು ಆರಿಸಿಕೊಳ್ಳಬೇಕಿತ್ತು. ಒಮ್ಮೆ ಆರಿಸಿದರೆ ಮುಗಿಯಿತು. ಎಷ್ಟೋ ಮನೆಗಳಲ್ಲಿ ಇದೇ ಚಿಂತೆ. ನ್ಯಾಯಾಲಯದಲ್ಲಿ ದಾವೆ ಹೂಡಿದ ಮೇಲೆ ಎನ್‌ಸಿಎಎ ನಿಯಮ ಬದಲಿಸಿತು. 2025ರ ಆಗಸ್ಟ್ 1ರಿಂದ ಸಿಎಚ್‌ಎಲ್ ಹುಡುಗರಿಗೂ ಅವಕಾಶ. ಆ ಬೇಸಿಗೆಯಲ್ಲೇ ಗ್ಯಾವಿನ್ ಮೆಕೆನ್ನಾ ಪೆನ್ ಸ್ಟೇಟ್ ವಿಶ್ವವಿದ್ಯಾಲಯವನ್ನು ಆರಿಸಿಕೊಂಡ. ಸಿಎಚ್‌ಎಲ್‌ನ ಪಶ್ಚಿಮದ ಲೀಗ್‌ನಲ್ಲಿ ಮೆಡಿಸಿನ್ ಹ್ಯಾಟ್ ತಂಡಕ್ಕೆ 2024-25ರಲ್ಲಿ 56 ಪಂದ್ಯಗಳಲ್ಲಿ 129 ಅಂಕ ಗಳಿಸಿದ ಹುಡುಗ ಅವನು. ಬಿಸಿಎಚ್‌ಎಲ್‌ನ ಬಲಿಷ್ಠ ತಂಡವಾಗಿದ್ದ ಪೆಂಟಿಕ್ಟನ್ ಆ ಲೀಗನ್ನೇ ಬಿಟ್ಟು ಪಶ್ಚಿಮದ ಲೀಗ್ ಸೇರಿತು.

ನಿಯಮ ಬದಲಾದದ್ದು ನ್ಯಾಯವೇ. 16ರ ಹುಡುಗನ ಮುಂದಿನ ಬದುಕನ್ನು ಆ ಸಣ್ಣ ಭತ್ಯೆಗೆ ಕಟ್ಟಿಹಾಕಿದ್ದು ತಪ್ಪಾಗಿತ್ತು. ಆದರೆ ಕಾಲೇಜು ತಂಡಗಳ ಸಂಖ್ಯೆ ಹೆಚ್ಚಲಿಲ್ಲ. ಅಗ್ರ ವಿಭಾಗದಲ್ಲಿ ಪುರುಷರ ತಂಡಗಳು ಅರುವತ್ತು ಚಿಲ್ಲರೆ ಮಾತ್ರ. ಅದರ ಮೇಲೆ, ಕಾಲೇಜುಗಳೇ ಆಟಗಾರರಿಗೆ ಹಣ ಕೊಡಬಹುದು ಎಂಬ 2025ರ ನ್ಯಾಯಾಲಯದ ಒಪ್ಪಂದಕ್ಕೆ ಸೇರಿದ ಕಾಲೇಜುಗಳಲ್ಲಿ ತಂಡಕ್ಕೆ 26 ಆಟಗಾರರ ಮಿತಿ ಬಂತು. ಒಂದು ಕಾಲೇಜಿನಿಂದ ಇನ್ನೊಂದಕ್ಕೆ ಸುಲಭವಾಗಿ ಹೋಗಬಹುದಾದ್ದರಿಂದ, ಕೋಚ್‌ಗೆ 22ರ ಅನುಭವಿ ಸಿಗುವಾಗ 18ರ ಹುಡುಗನಿಗಾಗಿ ಕಾಯುವ ತಾಳ್ಮೆ ಕಡಿಮೆಯಾಗಿದೆ. ಮೆಕೆನ್ನಾನಂಥವನು ಒಳಗೆ ಬಂದಾಗ ಹೊರಗೆ ಹೋಗುವವನು ಯಾರು? ಕೋಚ್ ಸರ್ ಹೇಳಿದ ಆ 9ನೇ ಫಾರ್ವರ್ಡ್.

ಮಗನ ಜೊತೆ ಅಲೆಯುವ ತಂದೆ

ಇಷ್ಟು ದಿನ ಓದುತ್ತ ಮಾತ್ರ ಇದ್ದೆ. ಕ್ಯಾಲ್ಗರಿಯವರ ಕೊನೆಯ ಸಾಲು ಓದಿ ಬರೆಯುತ್ತಿದ್ದೇನೆ, ಏಕೆಂದರೆ ಆ ಹುಡುಗ ನನ್ನ ಮನೆಯಲ್ಲಿದ್ದಾನೆ.

ಮಗ ಎರಡನೇ ದರ್ಜೆಯ ಜೂನಿಯರ್ ಲೀಗ್‌ನಲ್ಲಿ ಆಡುತ್ತಾನೆ. ಒಂದು ಕಾಲೇಜು ಎರಡು ವರ್ಷದ ಹಿಂದೆ ಬಾಯಿಮಾತಿನಲ್ಲಿ ‘ಬಾ’ ಎಂದಿತ್ತು. ನಾವು ಬೇರೆ ಕರೆಗಳಿಗೆ ಇಲ್ಲ ಎಂದೆವು. ಈ ವಸಂತದಲ್ಲಿ ದೂರವಾಣಿ ಬಂತು: ‘ಇನ್ನೊಂದು ವರ್ಷ ಜೂನಿಯರ್ ಆಡಿ ಬಾ.’ ಅವನಿಗೀಗ 19. ಮುಂದಿನ ವರ್ಷವೂ ಹೀಗೇ ಎಂದರೆ ವಯಸ್ಸಿನ ಮಿತಿ ಮುಗಿಯುತ್ತದೆ. ಅವನು ಏನೂ ಮಾತನಾಡಲಿಲ್ಲ. ಮರುದಿನ ಬೆಳಿಗ್ಗೆ ಐದಕ್ಕೇ ಎದ್ದು ಅಭ್ಯಾಸಕ್ಕೆ ಹೋದ. ಹುಡುಗನ ಆಟದಲ್ಲಿ ಏನು ನೋಡಬೇಕು ಎಂದು ಎಲ್ಲರೂ ಬರೆದಿದ್ದೀರಿ. ಕಾಲೇಜಿನಲ್ಲಿ ನಾವು ಏನು ನೋಡಬೇಕು ಎಂದು ಯಾರಾದರೂ ಹೇಳುತ್ತೀರಾ?

ಮಿಷಿಗನ್ ಕೋಚ್

ನಿಮ್ಮ ಪ್ರಶ್ನೆ ಈ ಚರ್ಚೆಯ ಎಲ್ಲ ಪ್ರಶ್ನೆಗಳಿಗಿಂತ ಮುಖ್ಯವಾದದ್ದು ಸರ್.

ಬಾಯಿಮಾತು ಎರಡೂ ಕಡೆಯವರನ್ನು ಕಾನೂನಿನಲ್ಲಿ ಕಟ್ಟಿಹಾಕುವುದಿಲ್ಲ. ನೀವು ಅದನ್ನು ಗೌರವಿಸಿದಿರಿ, ಅವರು ಗೌರವಿಸಲಿಲ್ಲ. ಆದ್ದರಿಂದ ಈಗ ನಿಮಗೂ ಬೇರೆ ಕಾಲೇಜುಗಳ ಜೊತೆ ಮಾತನಾಡುವ ಪೂರ್ಣ ಸ್ವಾತಂತ್ರ್ಯ ಇದೆ. ಸಂಕೋಚ ಬೇಡ. ಅದೇ ಕಾಲೇಜಿಗೆ ನೇರವಾಗಿ ಕೇಳಿ: ಮುಂದಿನ ವರ್ಷ ಅವನ ಜಾಗದಲ್ಲಿ ಈಗಾಗಲೇ ಎಷ್ಟು ಜನರಿಗೆ ಮಾತು ಕೊಟ್ಟಿದ್ದೀರಿ? ವಿದ್ಯಾರ್ಥಿವೇತನ ಎಷ್ಟು, ಯಾವ ವರ್ಷದಿಂದ, ಲಿಖಿತವಾಗಿ ಯಾವಾಗ ಕೊಡುತ್ತೀರಿ? ಹಿಂದಿನ ಮೂರು ವರ್ಷಗಳಲ್ಲಿ ನೀವು ಕರೆದ ಹುಡುಗರಲ್ಲಿ ಎಷ್ಟು ಜನ ಇನ್ನೂ ನಿಮ್ಮ ತಂಡದಲ್ಲೇ ಇದ್ದಾರೆ? ಕೊನೆಯದನ್ನು ಕೇಳುವ ತಂದೆತಾಯಿ ಕಡಿಮೆ. ಹಳೆಯ ಆಟಗಾರರ ಪಟ್ಟಿ ಎಲ್ಲ ಕಾಲೇಜುಗಳ ತಾಣದಲ್ಲೂ ಇರುತ್ತದೆ. ನೀವೇ ಕುಳಿತು ಹೋಲಿಸಿ ನೋಡಬಹುದು. ಅವರು ನಿಮ್ಮ ಮಗನ ಅಂಕ ನೋಡಿದ ಹಾಗೆ ನೀವು ಅವರ ಪಟ್ಟಿ ನೋಡಿ.

ಇನ್ನೊಂದು. ಮೂರನೇ ವಿಭಾಗದ ಕಾಲೇಜುಗಳನ್ನು ಕೀಳಾಗಿ ಕಾಣಬೇಡಿ. ಅಲ್ಲಿ ಕ್ರೀಡಾ ವಿದ್ಯಾರ್ಥಿವೇತನ ಇಲ್ಲ, ಆದರೆ ಓದಿನ ಮೇಲೆ, ಕುಟುಂಬದ ಆದಾಯದ ಮೇಲೆ ಸಹಾಯ ಸಿಗುತ್ತದೆ. ಅಗ್ರ ವಿಭಾಗದಲ್ಲೇ ಇರುವ ಹಾರ್ವರ್ಡ್, ಯೇಲ್, ಕಾರ್ನೆಲ್‌ನಂಥ ಐವಿ ಲೀಗ್ ಕಾಲೇಜುಗಳಲ್ಲೂ ಕ್ರೀಡಾ ವಿದ್ಯಾರ್ಥಿವೇತನ ಇಲ್ಲ. ಯೇಲ್ 2013ರಲ್ಲಿ ರಾಷ್ಟ್ರೀಯ ಪ್ರಶಸ್ತಿಯನ್ನೇ ಗೆದ್ದಿದೆ.

ಗೋಲ್‌ಕೀಪರ್ ತಾಯಿ

ಓದಿನ ಮಾತು ಬಂದದ್ದರಿಂದ, ಚಿಕ್ಕ ಮಕ್ಕಳಿರುವವರಿಗಾಗಿ ಇದನ್ನೂ ಬರೆಯುತ್ತೇನೆ. ಅಗ್ರ ವಿಭಾಗದಲ್ಲಿ ಆಡಲು ಎನ್‌ಸಿಎಎ ಒಪ್ಪಿದ 16 ಮುಖ್ಯ ವಿಷಯಗಳನ್ನು ಪ್ರೌಢಶಾಲೆಯಲ್ಲಿ ಮುಗಿಸಿರಬೇಕು. ಅದರಲ್ಲಿ 10 ಕೊನೆಯ ವರ್ಷ ಶುರುವಾಗುವ ಮೊದಲೇ ಆಗಬೇಕು. ಜೂನಿಯರ್ ಆಡಲು 16ಕ್ಕೇ ಮನೆ ಬಿಟ್ಟು ಬೇರೆ ಶಾಲೆಗೋ ಆನ್‌ಲೈನ್ ಪಾಠಕ್ಕೋ ಸೇರುವ ಮಕ್ಕಳು ಇಲ್ಲಿಯೇ ಎಡವುತ್ತಾರೆ. ಆ ಪಾಠಗಳಿಗೆ ಎನ್‌ಸಿಎಎ ಒಪ್ಪಿಗೆ ಇದೆಯೇ ಎಂದು ಸೇರುವ ಮುನ್ನವೇ ವಿಚಾರಿಸಿ. ಕೋಚ್‌ಗಳು 10ನೇ ತರಗತಿಯ ಜನವರಿ 1ರಿಂದ ಮಾತ್ರ ಹುಡುಗರ ಜೊತೆ ನೇರವಾಗಿ ಮಾತನಾಡಬಹುದು. 11ನೇ ತರಗತಿಗೆ ಮುಂಚಿನ ಆಗಸ್ಟ್ 1ರಿಂದ ಕರೆ ಕೊಡಬಹುದು. ಅದಕ್ಕೂ ಮೊದಲೇ ‘ನಿಮ್ಮ ಮಗನನ್ನು ಆ ಕಾಲೇಜಿಗೆ ಸೇರಿಸುತ್ತೇನೆ’ ಎಂದು ಹಣ ಕೇಳುವವರು ಸಿಕ್ಕರೆ ನಂಬಬೇಡಿ.

ಮಗನ ಜೊತೆ ಅಲೆಯುವ ತಂದೆ

ಕೋಚ್ ಸರ್, ನೀವು ಹೇಳಿದ ಹಾಗೆ ಆ ಕಾಲೇಜಿನ ಹಳೆಯ ಪಟ್ಟಿಗಳನ್ನು ಮಗನ ಜೊತೆ ಕುಳಿತು ನೋಡಿದೆ. ಅವರು ಕರೆತಂದವರಲ್ಲಿ ಅರ್ಧಕ್ಕಿಂತ ಹೆಚ್ಚು ಹುಡುಗರು ಎರಡನೇ ವರ್ಷಕ್ಕೇ ಬೇರೆ ಕಾಲೇಜಿಗೆ ಹೋಗಿದ್ದಾರೆ. ಮಗನೇ ಹೇಳಿದ, ‘ಅಪ್ಪಾ, ನಾನು ಬೇರೆ ಕಡೆ ನೋಡುತ್ತೇನೆ.’ ಸೆಪ್ಟೆಂಬರ್‌ನಲ್ಲಿ ಮಿನ್ನೆಸೋಟದ ಬ್ಲೇನ್‌ನಲ್ಲಿ ಎನ್‌ಎಎಚ್‌ಎಲ್ ಶೋಕೇಸ್ ಇದೆ. ಲೀಗ್‌ನ ಎಲ್ಲ ತಂಡಗಳೂ ಒಂದೇ ಕಡೆ ಸೇರುತ್ತವೆ, ಸ್ಕೌಟ್‌ಗಳೂ. ಅವನಿಗೆ ಏನಾದರೂ ಹೇಳಬೇಕೇ?

ಮಿಷಿಗನ್ ಕೋಚ್

ಹೊಸದಾಗಿ ಏನನ್ನೂ ಮಾಡಿ ತೋರಿಸಲು ಹೋಗಬೇಡ ಎನ್ನಿ. ಸ್ಕೌಟ್‌ಗಳಿದ್ದಾರೆ ಎಂದು ಒಬ್ಬನೇ ಪಕ್ ಹಿಡಿದು ಮೂವರನ್ನು ದಾಟಲು ಹೋಗುವ ಹುಡುಗರು ಅಲ್ಲಿ ಬಹಳ. ಅವರ ಹೆಸರಿನ ಮುಂದೆ ಗೆರೆ ಬೀಳುತ್ತದೆ. ಕಣದಲ್ಲಿ ತನ್ನ 45 ಸೆಕೆಂಡಿನ ಸರದಿ (ಶಿಫ್ಟ್) ಮುಗಿಸಿ ಬೇಗ ಹೊರಬರಲಿ, ಬೆಂಚಿನಲ್ಲಿ ಜೊತೆಯವರ ಆಟ ನೋಡಲಿ. ದಂಡನೆಯ ಸಮಯದಲ್ಲಿ ನಾಲ್ವರಲ್ಲಿ ಒಬ್ಬನಾಗಿ ಆಡಲು ಅವನೇ ಕೋಚ್ ಬಳಿ ಕೇಳಲಿ. ಪಂದ್ಯದ ಎರಡು ವಾರ ಮೊದಲು ಅವನಿಗೆ ಇಷ್ಟವಾದ ಕಾಲೇಜುಗಳ ಸಹಾಯಕ ಕೋಚ್‌ಗಳಿಗೆ ತನ್ನ ಕೈಯಾರೆ ಚಿಕ್ಕ ಮಿಂಚಂಚೆ ಬರೆಯಲಿ: ಪಂದ್ಯದ ಸಮಯ, ರಿಂಕ್, ಜರ್ಸಿ ಸಂಖ್ಯೆ, ಶಾಲೆಯ ಅಂಕಗಳು. ನೀವು ಬರೆಯಬೇಡಿ. ತಂದೆ ಬರೆದದ್ದು ಓದಿದ ಕೂಡಲೇ ತಿಳಿಯುತ್ತದೆ.

ಬಾಸ್ಟನ್ ಕನ್ನಡತಿ

ಮಿಂಚಂಚೆಯಲ್ಲಿ ಐವರ ಎದುರು ಐವರ ಆಟದ ಅಂಕಗಳನ್ನು ಬೇರೆಯಾಗಿ ಬರೆಯಲಿ. ಬೇಕಿದ್ದರೆ ಪಂದ್ಯಗಳ ದಾಖಲೆಯಿಂದ ನಾನು ಬಿಡಿಸಿ ಕೊಡುತ್ತೇನೆ, ಖಾಸಗಿಯಾಗಿ ತಿಳಿಸಿ.

ಡುಲುತ್ ವಾಸಿ

ಬ್ಲೇನ್ ನನಗೆ ಎರಡೂವರೆ ಗಂಟೆಯ ದಾರಿ, ಬರುತ್ತೇನೆ. ಒಂದೇ ಸೂರಿನಡಿ ಎಂಟು ರಿಂಕ್‌ಗಳಿರುವುದರಿಂದ ಎಲ್ಲವನ್ನೂ ನೋಡಲು ಓಡಾಡಿದರೆ ಏನೂ ಕಾಣುವುದಿಲ್ಲ. ಬರುವವರು ಪಂದ್ಯಕ್ಕೊಬ್ಬ ಹುಡುಗನನ್ನು ಆರಿಸಿಕೊಂಡು, ಎತ್ತರದ ಮೂಲೆಯಲ್ಲಿ ಕುಳಿತು, ಅವನು ಬೆಂಚಿನಲ್ಲಿರುವಾಗಲೂ ಅವನನ್ನೇ ನೋಡೋಣ. ಟಿಪ್ಪಣಿಗಳನ್ನು ಇದೇ ಚರ್ಚೆಯಲ್ಲಿ ಹಾಕೋಣ. ಹುಡುಗರ ಹೆಸರು, ಜರ್ಸಿ ಸಂಖ್ಯೆ ಯಾವುದೂ ಬೇಡ. ಅವರು ಇನ್ನೂ ಚಿಕ್ಕವರು, ಇದನ್ನೆಲ್ಲ ಹುಡುಕಿ ಓದುತ್ತಾರೆ. ಕೋಚ್ ಸರ್, ಹೆಗಲ ಮೇಲಿಂದ ನೋಡುವುದನ್ನು ನಾನು ಎಣಿಸುತ್ತೇನೆ. ಗೋಲ್‌ಕೀಪರ್‌ಗಳನ್ನು ನೋಡುವ ಕೆಲಸ ತಾಯಿಯವರದು, ಅವರು ಒಪ್ಪಿದರೆ.

ಗೋಲ್‌ಕೀಪರ್ ತಾಯಿ

ಒಪ್ಪಿದೆ. ಮಗಳನ್ನೂ ಕರೆತರುತ್ತೇನೆ, ಅವಳ ಕಣ್ಣು ನನಗಿಂತ ಚುರುಕು.